ಬಕೆಟ್ ಸಮೇತ

ಎಣ್ಣೆ ಕೊಳ್ಳುವುದರಲ್ಲಿ ನಾನು ಪಳಗಿದ ಕೈ ಎಂಬ ಹಮ್ಮು ನನಗೆ ಬಹಳ ಕಾಲದಿಂದ ಇದೆ. ಗಾಣದ ಕಡಲೆಕಾಯಿ ಎಣ್ಣೆಯನ್ನು ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು, ಉಜ್ಜಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಅರೆಮುಚ್ಚಿ, ‘ಇದರಲ್ಲಿ ಪಾಮ್ ಎಣ್ಣೆ ಬೆರೆತಿದೆ’ ಎಂದು ಅಂಗಡಿಯವನ ಮುಖಕ್ಕೇ ಹೇಳಿದ್ದೇನೆ. ಬೆರೆತಿತ್ತೋ ಇಲ್ಲವೋ, ಅವನು ಐದು ರೂಪಾಯಿ ಇಳಿಸಿದ. ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗದಿದ್ದರೆ ಅನುಮಾನಿಸಬೇಕು ಎಂಬುದೂ ಗೊತ್ತು. ಹರಳೆಣ್ಣೆಯಂತೂ ಅಜ್ಜಿ ತಿಂಗಳಿಗೊಂದು ಭಾನುವಾರ ಮೂಗು ಹಿಡಿದು ಕುಡಿಸಿ ಕಲಿಸಿದ ವಿದ್ಯೆ. ಇಷ್ಟೆಲ್ಲ ಅನುಭವ ಇರುವವನಿಗೆ ಕಾರಿನ ಎಂಜಿನ್ ಆಯಿಲ್ ಯಾವ ಮಹಾ?

ನಮ್ಮದು ಇನ್ನೊಬ್ಬರು ಓಡಿಸಿ ಬಿಟ್ಟ ಆಲ್ಟೊ. ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಓಡಿದರೆ ಅದೇ ಹೆಚ್ಚು. ಮದುವೆಮನೆ, ಬೀಗರ ಮನೆ, ಮತ್ತೆ ಬ್ಯಾಟರಿ ಸಾಯದಿರಲಿ ಅಂತ ಭಾನುವಾರ ಬೆಳಗ್ಗೆ ಹನುಮಂತನಗರದಿಂದ ಗಾಂಧಿಬಜಾರಿಗೆ ಒಂದು ಪ್ರದಕ್ಷಿಣೆ, ಅಷ್ಟೇ. ಆ ಸಲ ಸರ್ವೀಸಿಗೆ ಬಿಡಲು ಹೋದಾಗ ಎಸ್ಟಿಮೇಟ್ ಹಾಳೆಯಲ್ಲಿ ಎಂಜಿನ್ ಆಯಿಲ್ ಎದುರು ಬರೆದಿದ್ದ ಮೊತ್ತ ಕಂಡು, ‘ಲೀಟರಿಗೆ ಎಷ್ಟು ಬೀಳುತ್ತಪ್ಪಾ?’ ಎಂದು ಕೇಳಿದೆ. ಕೌಂಟರಿನ ಹುಡುಗ ‘ಪ್ಯಾಕೇಜ್ ಸಾರ್’ ಅಂದ. ಪ್ಯಾಕೇಜ್ ಎಂಬ ಮಾತು ಕಿವಿಗೆ ಬಿದ್ದರೆ ನಾನು ಕುರ್ಚಿಯಿಂದ ಏಳುವವನು. ‘ಎಣ್ಣೆ ನಾನೇ ತರ್ತೀನಿ’ ಎಂದು ಕೀಲಿ ವಾಪಸ್ ಇಸಕೊಂಡೆ.

ಕಾರಿಗೆ ಎಣ್ಣೆ ತರುತ್ತೇನೆಂದು ಬಾಯಿ ಬಿಟ್ಟರೆ ಬೆಂಗಳೂರಿನಲ್ಲಿ ಸಲಹೆಗೆ ಬರವಿಲ್ಲ. ಮೊದಲು ವಕ್ಕರಿಸಿದವನು ಸಾಫ್ಟ್‌ವೇರಿನ ಸೋದರಳಿಯ. ‘ಮಾಮ, ಕಣ್ಣು ಮುಚ್ಕೊಂಡು ಫುಲ್ಲಿ ಸಿಂಥೆಟಿಕ್ ಹಾಕ್ಸಿ. 5ಡಬ್ಲ್ಯೂ-30.’ ಅದರ ಬೆಲೆ ಕೇಳಿದ ಮೇಲೆ ಕಣ್ಣು ಮುಚ್ಚಲು ಸಾಧ್ಯವಾಗಲಿಲ್ಲ. ಅವನ ಬಾಯಿ ಮುಚ್ಚಿಸಲೆಂದೇ ಎರಡು ರಾತ್ರಿ ಕೂತು ಓದಿದೆ. ಪರೀಕ್ಷೆಗೂ ಹೀಗೆ ಓದಿದವನಲ್ಲ.

ಆ ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಹಿಂದಿನ ಅಂಕಿ ಕಡಿಮೆಯಾದಷ್ಟೂ ಕೊರೆಯುವ ಚಳಿಯಲ್ಲೂ ಎಣ್ಣೆ ತೆಳ್ಳಗಿದ್ದು ಎಂಜಿನ್ ಸಲೀಸಾಗಿ ತಿರುಗುತ್ತದೆ. ಮುಂದಿನ ಅಂಕಿ ಎಂಜಿನ್ ಕಾದ ಮೇಲೆ, 100 ಡಿಗ್ರಿಯಲ್ಲಿ, ಎಣ್ಣೆ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದರ ಗುರುತು. ಎಸ್‌ಎಇ ಎಂಬ ಅಮೆರಿಕದ ಎಂಜಿನಿಯರುಗಳ ಸಂಘ ಮಾಡಿಟ್ಟ ಲೆಕ್ಕ ಇದು. ಅವರ ಪಟ್ಟಿಯಲ್ಲಿ 5ಡಬ್ಲ್ಯೂ ಎಣ್ಣೆಗೆ ಮೈನಸ್ 30 ಡಿಗ್ರಿಯಲ್ಲಿ ಪರೀಕ್ಷೆ. ಹಳೇ ಮಾರುತಿಗಳಿಗೆ ನಮ್ಮೂರ ಗ್ಯಾರೇಜುಗಳು ರೂಢಿಯಿಂದ ಹಾಕುತ್ತ ಬಂದ 20ಡಬ್ಲ್ಯೂ-40 ಇದೆಯಲ್ಲ, ಆ ಬಡಪಾಯಿಗೂ ಮೈನಸ್ 15ರಲ್ಲಿ ಪರೀಕ್ಷೆ! ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ; ಅದೂ 1884ರ ಜನವರಿಯಲ್ಲಿ. ಕಾರ್ಲ್ ಬೆಂಜ್ ತನ್ನ ಗಾಡಿಗೆ ಪೇಟೆಂಟ್ ಪಡೆದದ್ದೇ 1886ರಲ್ಲಿ. ಅಂದರೆ ಬೆಂಗಳೂರು ಗಡಗಡ ನಡುಗಿದ ದಿನ ಸ್ಟಾರ್ಟ್ ಮಾಡುವುದಕ್ಕೆ ಜಗತ್ತಿನಲ್ಲಿ ಕಾರೇ ಇರಲಿಲ್ಲ. ಇದನ್ನು ಅಳಿಯನಿಗೆ ಒಪ್ಪಿಸಿದೆ.

‘ಅಲ್ಲ ಮಾಮ, ಮೈನಸ್ ಕಥೆ ಬಿಡಿ. ರಾತ್ರಿಯೆಲ್ಲಾ ಎಣ್ಣೆ ಕೆಳಗೆ ಇಳಿದಿರುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬೇಗ ಮೇಲಕ್ಕೆ ಹತ್ತಬೇಕು. ತೆಳ್ಳಗಿದ್ರೆ ಬೇಗ ಹತ್ತುತ್ತೆ, ಮೈಲೇಜೂ ಸ್ವಲ್ಪ ಸಿಗುತ್ತೆ’ ಎಂದ. ಮಾತು ಸರಿಯಾಗೇ ಇತ್ತು. ಆದ್ದರಿಂದ ವಿಷಯ ಬದಲಿಸಿ ಸಿಂಥೆಟಿಕ್ ಎಂಬುದರ ಮೇಲೆ ಬಿದ್ದೆ. 1999ರಲ್ಲಿ ಅಮೆರಿಕದಲ್ಲಿ ಇದೇ ವಿಷಯಕ್ಕೆ ಮೊಬಿಲ್‌ಗೂ ಕ್ಯಾಸ್ಟ್ರಾಲ್‌ಗೂ ಜಟಾಪಟಿ ನಡೆದಿತ್ತು. ಕಚ್ಚಾತೈಲವನ್ನೇ ಚೆನ್ನಾಗಿ ಸಂಸ್ಕರಿಸಿ ಸಿಂಥೆಟಿಕ್ ಅಂತ ಮಾರುತ್ತಿದ್ದೀರಿ ಎಂದು ಮೊಬಿಲ್ ದೂರಿತು. ಜಾಹೀರಾತಿನ ತಕರಾರು ಬಗೆಹರಿಸುವ ಮಂಡಳಿ, ಹಾಗೆ ಕರೆಯಲು ಅಡ್ಡಿಯಿಲ್ಲ ಎಂದುಬಿಟ್ಟಿತು. ‘ನೋಡಿದೆಯಾ, ನಿನ್ನ ಫುಲ್ಲಿ ಸಿಂಥೆಟಿಕ್ಕೂ ನೆಲದಿಂದ ಬಂದದ್ದೇ ಇರಬಹುದು’ ಎಂದೆ. ಅವನು ಫೋನ್ ನೋಡತೊಡಗಿದ. ಗೆದ್ದೆ ಎಂದುಕೊಂಡೆ.

ಕೃಷ್ಣರಾವ್ ಪಾರ್ಕಿನ ನಡಿಗೆ ಬಳಗದಲ್ಲಿ ವಿಷಯ ಎತ್ತಿದರೆ ಅಲ್ಲಿ ಇನ್ನೊಂದೇ ಪುರಾಣ. ನಮ್ಮ ಹಳ್ಳಿಯ ಎತ್ತಿನಗಾಡಿಯ ಅಚ್ಚಿಗೆ ಕೀಲೆಣ್ಣೆ ಅಂತ ಹರಳೆಣ್ಣೆ ಹಾಕುತ್ತಿದ್ದುದನ್ನು ನೆನೆದು ಒಬ್ಬರು ಗದ್ಗದರಾದರು. ತಮಾಷೆ ಅಂದರೆ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ 1909ರಲ್ಲಿ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟು ಮಾರಿದ ಎಣ್ಣೆಯಲ್ಲಿ ಬೆರೆಸಿದ್ದೂ ಹರಳೆಣ್ಣೆಯನ್ನೇ. ಮೊದಲ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳಿಗೂ ಅದೇ ಎಣ್ಣೆ. ಎಂಜಿನ್ ಉಗುಳಿದ್ದೆಲ್ಲ ಹಿಂದೆ ಕೂತ ಪೈಲಟ್ಟಿನ ಮುಖಕ್ಕೆ, ಮೂಗಿಗೆ, ಬಾಯಿಗೆ. ಆಮೇಲೆ ಏನಾಗುತ್ತಿತ್ತು ಎಂದು ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಜ್ಜಿ ಭಾನುವಾರವನ್ನೇ ಆರಿಸುತ್ತಿದ್ದುದು ಶಾಲೆಗೆ ರಜೆ ಇರುತ್ತದೆಂದು. ಯುದ್ಧಕ್ಕೆ ರಜೆ ಎಲ್ಲಿ?

ಇವೆಲ್ಲ ಹಾಗಿರಲಿ. ನನ್ನ ತಲೆ ಕೆಡಿಸಿದವನು ರಾಣೆಬೆನ್ನೂರಿನ ಭಾವಮೈದುನ. ಎರಡು ಟ್ರ್ಯಾಕ್ಟರ್ ಇಟ್ಟವನು. ಫೋನಿನಲ್ಲಿ ನನ್ನ ಸಂಕಟ ಕೇಳಿ ನಕ್ಕ. ‘ನೀವು ಸಿಟಿ ಮಂದಿ ಎಣ್ಣಿ ಲೀಟರ್ ಲೆಕ್ಕದಾಗ ತಗೊಂತೀರೇನ್ರಿ? ನಾವು ಬಕೇಟ ತಗೊಳ್ಳೋದು. 20 ಲೀಟರ್. ಲೀಟರಿಗೆ ಎಷ್ಟು ಕಡಿಮಿ ಬೀಳತೈತಿ ನೋಡ್ರಿ. ಮ್ಯಾಲೆ ಬಕೇಟ ಪುಗಸಟ್ಟೆ.’

ಫೋನ್ ಸ್ಪೀಕರಿನಲ್ಲಿತ್ತು. ಅಡುಗೆಮನೆಯಿಂದ ಹೆಂಡತಿ ಕೇಳಿದಳು: ‘ಮುಚ್ಚಳ ಇರುತ್ತಾ?’

ಕಾಗದ ತಗೊಂಡು ಲೆಕ್ಕ ಹಾಕಿದೆ. ಚಿಲ್ಲರೆ ಡಬ್ಬದಲ್ಲಿ ಲೀಟರಿಗೆ 350 ರೂಪಾಯಿ. ಬಕೆಟ್ಟಿನಲ್ಲಿ 240. ಲೀಟರಿಗೆ 110ರಂತೆ 20 ಲೀಟರಿಗೆ 2,200 ರೂಪಾಯಿ ಉಳಿತಾಯ! ಆ ಮೊತ್ತದ ಕೆಳಗೆ ಎರಡು ಗೆರೆ ಎಳೆದೆ. ಆಮೇಲೆ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಚಕ್ಕುಲಿ ಪುಡಿಯ ಕೆಳಗೆ ಮಲಗಿದ್ದ ಕೈಪಿಡಿ ತೆಗೆದೆ. ಉಷ್ಣಮಾಪಕದ ಚಿತ್ರ ಬರೆದು ಯಾವ ಹವೆಗೆ ಯಾವ ಗ್ರೇಡ್ ಎಂದು ಗೆರೆ ಹಾಕಿದ್ದರು. ಪಕ್ಕದಲ್ಲಿ ಎಷ್ಟು ಎಣ್ಣೆ ಹಿಡಿಸುತ್ತದೆ ಎಂಬುದೂ ಇತ್ತು. ಮೂರು ಲೀಟರಿನೊಳಗೆ. ನನ್ನ ಓಡಾಟಕ್ಕೆ ವರ್ಷಕ್ಕೊಂದು ಸಲ ಬದಲಾಯಿಸಿದರೆ ಸಾಕು. ಅಂದರೆ ಒಂದು ಬಕೆಟ್ ಸುಮಾರು ಏಳು ವರ್ಷಕ್ಕೆ. ಕಾರಿನ ಆರ್‌ಸಿಯ 15 ವರ್ಷದಲ್ಲಿ ಉಳಿದಿದ್ದುದು ಮೂರೇ ವರ್ಷ. ಮುಚ್ಚಳ ತೆಗೆಯದ ಎಣ್ಣೆಗೇ ಕಂಪನಿಗಳು ಸಾಧಾರಣ ಐದು ವರ್ಷದ ಆಯುಸ್ಸು ಹೇಳುತ್ತವೆ. ಈ ಮೂರು ಅಂಕಿಗಳೂ ನನ್ನ ಮುಂದೆ ಒಂದೇ ಕಾಗದದ ಮೇಲೆ ಇದ್ದವು. ನಾನು ನೋಡುತ್ತಿದ್ದುದು ಮಾತ್ರ 2,200ನ್ನು.

ಜೆ.ಸಿ. ರಸ್ತೆ ಅಂದರೆ ನನ್ನ ಪಾಲಿಗೆ ರವೀಂದ್ರ ಕಲಾಕ್ಷೇತ್ರ. ನಾಟಕ ನೋಡಿ, ಹೊರಗೆ ಕಾಫಿ ಕುಡಿದು, ನಟರನ್ನು ದೂರದಿಂದ ನೋಡಿ ಬರುವ ಜಾಗ. ಅದೇ ರಸ್ತೆಯಲ್ಲಿ ಮಿನರ್ವ ಸರ್ಕಲ್ ಕಡೆಗೆ ನಡೆಯುತ್ತ ಹೋದರೆ ಬೇರೆಯದೇ ರಂಗಭೂಮಿ. ಚಾವಣಿಯಿಂದ ಬಂಪರುಗಳು ನೇತಾಡುತ್ತವೆ, ಬಾಗಿಲಲ್ಲಿ ಸೀಟ್ ಕವರುಗಳ ರಾಶಿ, ಒಳಗೆ ಯಾರೋ ಒಂದಾದ ಮೇಲೊಂದು ಹಾರ್ನ್ ಒತ್ತಿ ಪರೀಕ್ಷೆ ಮಾಡುತ್ತಿರುತ್ತಾರೆ. ಪಾರ್ಕಿಂಗ್ ಸಿಗುವುದಿಲ್ಲವೆಂದು ಬಸ್ಸಿನಲ್ಲಿ ಹೋಗಿದ್ದೆ. ಅದೊಂದು ಜಾಣತನ ಎಂದೇ ಭಾವಿಸಿದ್ದೆ. ವಾಪಸು ಬರುವಾಗ ಏನಿರುತ್ತದೆ ಕೈಯಲ್ಲಿ ಎಂದು ಯೋಚಿಸಿರಲಿಲ್ಲ.

ಅಂಗಡಿ ಅಗಲಕ್ಕಿಂತ ಉದ್ದವೇ ಹೆಚ್ಚು. ಮಾಲೀಕರು ಖಾಲಿ ಎಣ್ಣೆ ಡಬ್ಬವೊಂದನ್ನು ತೊಡೆಗಳ ನಡುವೆ ಇರಿಸಿಕೊಂಡು ಸ್ಕ್ರೂಡ್ರೈವರಿನಿಂದ ಅದರ ಹೊಟ್ಟೆಗೆ ಚುಚ್ಚುತ್ತಿದ್ದರು. ಕೊನೆಗೆ ಮುಚ್ಚಳದ ಕೆಳಗಿನ ಕತ್ತನ್ನೂ ಕೊಯ್ದರು.

‘ಯಾಕೆ ಸಾರ್ ಅದಕ್ಕೆ ಅಷ್ಟು ಶಿಕ್ಷೆ?’

‘ಹಾಗೇ ಬಿಟ್ರೆ ಗುಜರಿಗೆ ಹೋಗುತ್ತೆ. ಅಲ್ಲಿಂದ ಇನ್ನೆಲ್ಲಿಗೋ ಹೋಗಿ, ಕರೀ ಎಣ್ಣೆ ಸೋಸಿ ತುಂಬಿಸ್ಕೊಂಡು, ಹೊಸ ಸೀಲ್ ಹಾಕ್ಕೊಂಡು ಬರುತ್ತೆ. ಅರ್ಧ ಬೆಲೆಗೆ ಕೊಡ್ತೀನಿ ಅಂದ್ರೆ ಅಲ್ಲಿ ನಿಲ್ಲಬೇಡಿ. ಸೀಲ್ ನೋಡಿ, ಬ್ಯಾಚ್ ನಂಬರ್ ನೋಡಿ, ಬಿಲ್ ತಗೊಳ್ಳಿ. ಯಾವ ಗಾಡಿ?’

ಗಾಡಿ ಹೇಳಿದೆ. ‘ಎಸ್‌ಎನ್ ಕೊಡ್ಲಾ, ಎಸ್‌ಪಿ ಕೊಡ್ಲಾ?’ ಅಂದರು. ಎಪಿಐ ಎಂಬ ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಪೆಟ್ರೋಲ್ ಎಂಜಿನ್ನಿನ ಎಣ್ಣೆಗೆ ಎಸ್ ಅಕ್ಷರ ಕೊಟ್ಟು, ಗುಣ ಏರಿದಂತೆ ಮುಂದಿನ ಅಕ್ಷರ ಏರಿಸುತ್ತ ಬಂದಿದೆ. 2010ರಲ್ಲಿ ಎಸ್‌ಎನ್, 2020ರಲ್ಲಿ ಎಸ್‌ಪಿ. ತಳದಲ್ಲಿರುವ ಎಸ್‌ಎ ಎಣ್ಣೆಯನ್ನು 1930ರ ಈಚಿನ ಬಹುಪಾಲು ಎಂಜಿನ್‌ಗಳಿಗೆ ಹಾಕಬೇಡಿ ಎಂದು ಅವರೇ ಎಚ್ಚರಿಸುತ್ತಾರೆ. ಇದೆಲ್ಲ ಓದಿಕೊಂಡೇ ಹೋಗಿದ್ದರಿಂದ, ‘ಎಸ್‌ಪಿ ಎಲ್ಲ ಬೇಡ, ನಮ್ಮ ಯೋಗ್ಯತೆಗೆ ಇನ್‌ಸ್ಪೆಕ್ಟರ್ ದರ್ಜೆಯದು ಸಾಕು’ ಅಂದೆ. ಅವರು ನಗಲಿಲ್ಲ. ದಿನಕ್ಕೆ ಎಷ್ಟು ಜನ ಹೇಳುತ್ತಾರೋ ಏನೋ.

ಬಕೆಟ್ ಬಂತು. ಪೆಟ್ರೋಲಿಗೂ ಡೀಸೆಲಿಗೂ ಆಗುವ 20ಡಬ್ಲ್ಯೂ-40, ಎಸ್‌ಎಲ್ ದರ್ಜೆ. ನನ್ನೊಳಗಿನ ಗಾಣದ ತಜ್ಞ ಎಚ್ಚೆತ್ತ. ‘ಸ್ವಲ್ಪ ತೆಗೆದು ತೋರಿಸ್ತೀರಾ? ಕೈಗೆ ಹಚ್ಚಿ ನೋಡ್ಬೇಕಿತ್ತು.’

‘ತಲೆಗೆ ಹಚ್ಚೋದಲ್ಲ ಸಾರ್ ಇದು.’

‘ವಾಸನೆನಾದ್ರೂ...’

ಮಾಲೀಕರು ಸ್ಕ್ರೂಡ್ರೈವರ್ ಕೆಳಗಿಟ್ಟರು. ‘ಎಷ್ಟು ಗಾಡಿ ಇದೆ ಸಾರ್ ನಿಮ್ಮದು?’

‘ಒಂದು.’

‘ಟ್ಯಾಕ್ಸಿನಾ?’

‘ಸ್ವಂತ. ಭಾನುವಾರ ತೆಗೀತೀನಿ.’

ಅವರು ಬಕೆಟ್ ನೋಡಿದರು, ನನ್ನನ್ನು ನೋಡಿದರು. ಮೂರು ಲೀಟರಿನ ಡಬ್ಬವೊಂದನ್ನು ಗಲ್ಲೆಯ ಮೇಲೆ ತಂದಿಟ್ಟು ಸುಮ್ಮನೆ ಅದರ ಕಡೆಗೆ ಕಣ್ಣು ಹಾಯಿಸಿದರು. ವ್ಯಾಪಾರಿಯೊಬ್ಬ ತನ್ನ ಲಾಭ ಬಿಟ್ಟು ಕೊಡುತ್ತಿದ್ದ ಆ ಸೂಚನೆಯನ್ನು ನಾನು ಮೋಸದ ಮೊದಲ ಹೆಜ್ಜೆ ಎಂದು ಅರ್ಥಮಾಡಿಕೊಂಡೆ. ‘ಬಕೆಟ್ಟೇ ಕೊಡಿ’ ಎಂದು ಗಟ್ಟಿಯಾಗಿ ಹೇಳಿ, ಇನ್ನೂ ನೂರು ರೂಪಾಯಿ ಚೌಕಾಸಿ ಮಾಡಿ, 4,700 ಎಣಿಸಿದೆ.

ಎಂಜಿನ್ ಎಣ್ಣೆ ನೀರಿಗಿಂತ ಹಗುರ. 20 ಲೀಟರಿನ ತೂಕ ಸುಮಾರು ಹದಿನೇಳೂವರೆ ಕಿಲೋ. ಓದುವಾಗ ಇದು ಸಮಾಧಾನದ ಸಂಗತಿಯಾಗಿ ಕಂಡಿತ್ತು. ಬಕೆಟ್ಟಿನ ತಂತಿ ಹಿಡಿ ಬೆರಳಿಗೆ ಕೊರೆಯುತ್ತ, ಟೌನ್‌ಹಾಲ್ ಕಡೆಗೆ ಹತ್ತು ಹೆಜ್ಜೆಗೊಮ್ಮೆ ಕೈ ಬದಲಿಸುತ್ತ ನಡೆಯುವಾಗ ಆ ಹಗುರ ಎಲ್ಲಿ ಅಡಗಿತ್ತೋ. ಬಸ್ಸಿನ ಆಸೆ ಬಿಟ್ಟೆ. ಆಟೊದವನು ಬಕೆಟ್ ನೋಡಿ ‘ಒನ್ ಆ್ಯಂಡ್ ಹಾಫ್’ ಅಂದ. ಎಣ್ಣೆ ಚೆಲ್ಲಿದರೆ ಬೇರೆ ಲೆಕ್ಕ ಎಂದು ಎಚ್ಚರಿಸಿದ. ಹನುಮಂತನಗರದವರೆಗೆ ಅದನ್ನು ಎರಡು ಕಾಲುಗಳ ನಡುವೆ ಅವಚಿಕೊಂಡು ಬಂದೆ.

ನಮ್ಮ ಬೀದಿಯ ಮೆಕ್ಯಾನಿಕ್ ಬಕೆಟ್ ಕಂಡದ್ದೇ ಮೊದಲು ಮುಚ್ಚಳದ ಒಳಮೈ ತಡವಿದ. ‘ಕೂಪನ್ ಎಲ್ಲಿ ಸಾರ್?’ ಎಣ್ಣೆ ಡಬ್ಬದ ಮುಚ್ಚಳದೊಳಗೆ ಮೆಕ್ಯಾನಿಕ್‌ಗಳಿಗೆಂದೇ ಕೂಪನ್ ಇಡುವ ಪದ್ಧತಿ ಉಂಟಂತೆ. ಯಾವ ಎಣ್ಣೆ ಒಳ್ಳೆಯದು ಎಂಬ ಅವರ ನಂಬಿಕೆಯ ಒಂದು ಬೇರು ಅಲ್ಲೂ ಇರುತ್ತದಂತೆ. ನನ್ನ ಬಕೆಟ್ಟಿನಲ್ಲಿ ಏನೂ ಇರಲಿಲ್ಲ. ‘ಎಣ್ಣೆ ನೀವು ತಂದ್ರೆ ಲೇಬರ್ ಬೇರೆ ಆಗುತ್ತೆ’ ಎಂದು ಹೇಳಿ, ಆದರೂ ಕೆಲಸ ಅಚ್ಚುಕಟ್ಟಾಗಿ ಮಾಡಿದ. ಹಳೇ ಎಣ್ಣೆ ಬಸಿದ, ಫಿಲ್ಟರ್ ಬದಲಿಸಿದ, ಅಳೆದು ಹೊಸದು ಹೊಯ್ದ, ಎಂಜಿನ್ ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಕಾದು, ಡಿಪ್‌ಸ್ಟಿಕ್ ಎಳೆದು ತೋರಿಸಿದ. ಕಡ್ಡಿಯ ತುದಿಯಲ್ಲಿ ಎರಡು ಗುರುತು. ಎಣ್ಣೆಯ ಗೆರೆ ಎರಡರ ನಡುವೆ, ಮೇಲಿನದಕ್ಕೆ ಸ್ವಲ್ಪ ಕೆಳಗೆ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮನೆಯಲ್ಲಿ ಹದಿನೇಳು ಲೀಟರ್ ಕೂತಿದೆ. ಜನ್ಮವಿಡೀ ಜಿಪುಣನೆನಿಸಿಕೊಂಡವನ ಮನೆಗೆ ಒಮ್ಮೆಗೇ ಸಮೃದ್ಧಿ ಬಂದರೆ ಕೈ ಸುಮ್ಮನಿರುವುದಿಲ್ಲ. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಕೆಳಗಿಳಿದೆ. ಮೇಲಿನ ಗುರುತಿಗೆ ಇನ್ನೂ ಒಂದಿಷ್ಟು ಜಾಗವಿದೆ. ಪಾಪ, ಮೆಕ್ಯಾನಿಕ್ ಕೂಪನ್ನಿನ ಸಿಟ್ಟಿಗೆ ಕಡಿಮೆ ಹಾಕಿದ್ದಾನೆ. ನೀರಿನ ಬಾಟಲಿಯಲ್ಲಿ ತಂದದ್ದನ್ನು ಹೊಯ್ದೆ. ಬಾಟಲಿಯಲ್ಲಿ ಸ್ವಲ್ಪ ಉಳಿಯಿತು. ಉಳಿಸುವುದೇಕೆಂದು ಅದನ್ನೂ ಹೊಯ್ದೆ. ಬೆಳಗ್ಗೆ ಗಾಂಧಿಬಜಾರಿನ ಪ್ರದಕ್ಷಿಣೆಯಲ್ಲಿ ಹಿಂದಿನ ಸ್ಕೂಟರಿನವರು ನನ್ನನ್ನು ದಾಟಿ ಬಂದು ಮೂಗು ಮುಚ್ಚಿಕೊಂಡು ಸನ್ನೆ ಮಾಡಿದರು. ಕನ್ನಡಿಯಲ್ಲಿ ನೋಡಿದರೆ ನೀಲಿ ಹೊಗೆ.

‘ಕ್ರ್ಯಾಂಕ್ ಎಣ್ಣೆಗೆ ಬಡಿದು ನೊರೆ ಎದ್ದಿದೆ ಸಾರ್. ನೊರೆಯಾದ್ರೆ ಪಂಪ್ ಸರಿಯಾಗಿ ಎಳೆಯಲ್ಲ. ಮೇಲಿಂದ ಉಕ್ಕಿ ಏರ್ ಫಿಲ್ಟರ್ ಎಲ್ಲಾ ಒದ್ದೆ ಮಾಡಿದೆ’ ಎಂದ ಮೆಕ್ಯಾನಿಕ್. ಹೆಚ್ಚಾದದ್ದನ್ನು ಬಸಿದ, ಹೊಸ ಏರ್ ಫಿಲ್ಟರ್ ಹಾಕಿದ. ಬಿಲ್ಲಿನಲ್ಲಿ ಎಣ್ಣೆಯೊಂದನ್ನು ಬಿಟ್ಟು ಎಲ್ಲಕ್ಕೂ ದುಡ್ಡಿತ್ತು.

ಇನ್ನು ಎಣ್ಣೆ ಖರ್ಚು ಮಾಡುವುದು ನನ್ನ ಕಾರೊಂದರಿಂದಲೇ ಆಗುವ ಕೆಲಸವಲ್ಲ ಎಂದು ದಾನಕ್ಕಿಳಿದೆ. ಗೇಟಿನ ತಿರುಗಣಿಗಳಿಗೆ ಹಾಕಿದೆ. ಸದ್ದು ನಿಂತಿತು, ಗೇಟು ಮುಟ್ಟಿದವರ ಅಂಗಿಯೆಲ್ಲ ಕಲೆಯಾಯಿತು. ಹೆಂಡತಿಯ ಹೊಲಿಗೆ ಯಂತ್ರಕ್ಕೆ ಅವಳಿಗೆ ಹೇಳದೆ ಎರಡು ತೊಟ್ಟು ಬಿಟ್ಟೆ. ಆ ಯಂತ್ರಕ್ಕೆ ಬೇಕಾದದ್ದು ತೀರ ತೆಳ್ಳನೆಯ ಎಣ್ಣೆ ಎಂದು ನನಗೆ ತಿಳಿದದ್ದು ತವರಿನವರು ಕೊಟ್ಟ ರೇಷ್ಮೆ ರವಿಕೆಕಣ ಸೂಜಿಯ ಕೆಳಗೆ ಹೋಗಿ ಹೊರಬಂದಾಗ. ಆ ವಾರ ಮನೆಯಲ್ಲಿ ಸಾರಿಗೆ ಒಗ್ಗರಣೆ ಬೀಳಲಿಲ್ಲ.

ಎದುರುಮನೆಯ ಹುಡುಗನ ಬೈಕಿಗೆ ಕೊಡಲು ಹೋದೆ. ಅವನು ಬಕೆಟ್ಟನ್ನು ಸುತ್ತಲೂ ತಿರುಗಿಸಿ ಓದಿ, ‘ಜಾಸೊ ಎಂಎ ಇಲ್ಲ ಅಂಕಲ್’ ಎಂದ. ಬೈಕಿನಲ್ಲಿ ಎಂಜಿನ್, ಗೇರು, ಕ್ಲಚ್ಚಿನ ಫಲಕಗಳು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವಂತೆ. ಜಾರಿಕೆ ಹೆಚ್ಚಿರುವ ಎಣ್ಣೆ ಹಾಕಿದರೆ ಕ್ಲಚ್ಚೂ ಜಾರುತ್ತದಂತೆ. ಅದಕ್ಕೆ ಜಪಾನಿನವರು ಬೇರೆ ಮಾನಕ ಮಾಡಿದ್ದಾರಂತೆ. ಅವನ ತಲೆ ಸವರಿ ವಾಪಸ್ ಬಂದೆ. ಮೂರನೇ ಮನೆಯ ಯಜಮಾನರಿಗೆ ಲಿಫ್ಟಿನಲ್ಲಿ ಮೆಲ್ಲಗೆ, ‘ಮನೆಯಲ್ಲಿ ಎಣ್ಣೆ ಬೇಕಾದಷ್ಟಿದೆ, ಸಂಕೋಚ ಬೇಡ, ಯಾವಾಗ ಬೇಕಾದರೂ ಬನ್ನಿ’ ಎಂದಿದ್ದೆ. ಶನಿವಾರ ಸಂಜೆ ಏಳೂವರೆಗೆ ಇಸ್ತ್ರಿ ಶರಟು ಹಾಕಿಕೊಂಡು, ಕೈಯಲ್ಲಿ ಕಾಂಗ್ರೆಸ್ ಕಡಲೆಕಾಯಿಯ ಪೊಟ್ಟಣ ಹಿಡಿದು ಬಂದರು. ಬಾಲ್ಕನಿಗೆ ಕರೆದುಕೊಂಡು ಹೋಗಿ ಬಕೆಟ್ಟಿನ ಮುಚ್ಚಳ ತೆಗೆದೆ. ಒಂದು ನಿಮಿಷ ನೋಡಿದರು. ಕಡಲೆಕಾಯಿ ವಾಪಸ್ ತಗೊಂಡು ಹೋದರು.

ಅಳಿಯ ಹೊಸ ಕಾರು ಕೊಂಡು ಪೂಜೆಗೆ ಕರೆದಾಗ ನಿಂಬೆಹಣ್ಣು, ತೆಂಗಿನಕಾಯಿಯ ಜೊತೆ ಎರಡು ಲೀಟರ್ ಎಣ್ಣೆಯನ್ನೂ ಬಾಟಲಿಗಳಲ್ಲಿ ತುಂಬಿಸಿ ಒಯ್ದೆ. ‘ಇದು ಎಲೆಕ್ಟ್ರಿಕ್ ಮಾಮ, ಎಂಜಿನ್ನೇ ಇಲ್ಲ’ ಎಂದು ಬಾನೆಟ್ ಎತ್ತಿ ತೋರಿಸಿದ.

ಮೂರು ವರ್ಷ ಹೀಗೆ ಕಳೆಯಿತು. ಆರ್‌ಸಿ ಮುಗಿಯಲು ಬಂದಾಗ ಎಫ್‌ಸಿ, ಹಸಿರು ತೆರಿಗೆ ಎಂದು ಯಾರು ಓಡಾಡುವುದು ಅಂತ ಕಾರು ಮಾರಲು ಇಟ್ಟೆ. ಬಕೆಟ್ಟಿನಲ್ಲಿ ಇನ್ನೂ ಅರ್ಧದಷ್ಟು ಎಣ್ಣೆ. ಕುಣಿಗಲ್ ಕಡೆಯ ಯುವಕನೊಬ್ಬ ಬಂದ. ಟೈರು ಒದ್ದ, ಬಾನೆಟ್ ಎತ್ತಿದ, ಡಿಪ್‌ಸ್ಟಿಕ್ ಎಳೆದು ನನ್ನ ಕಡೆ ಒಮ್ಮೆ ನೋಡಿ ಮತ್ತೆ ತೂರಿಸಿದ. ನಾನು ಹೇಳಿದ ಬೆಲೆಗೆ ಎಂಟು ಸಾವಿರ ಕಡಿಮೆ ಕೇಳಿದ. ನನ್ನ ಬಳಿಯಿದ್ದ ಕೊನೆಯ ಅಸ್ತ್ರ ತೆಗೆದೆ.

‘ನೋಡಪ್ಪಾ, ಬಾಲ್ಕನಿಯಲ್ಲಿ ಹತ್ತು ಲೀಟರ್ ಎಂಜಿನ್ ಆಯಿಲ್ ಇದೆ. ಬಿಲ್ ಇದೆ. ಅದನ್ನೂ ಸೇರಿಸಿ ಕೊಡ್ತೀನಿ. ಬೆಲೆ ಇಳಿಸಬೇಡ.’

ಹೋಗಿ ನೋಡಿದ. ಮುಚ್ಚಳ ತೆಗೆದು ಹಾಕಿ ಮಾಡಿದ, ಹಿಡಿ ಎತ್ತಿ ತೂಗಿದ, ತಳಕ್ಕೆ ಬೆರಳಿನಿಂದ ಕುಟ್ಟಿದ. ಮುಖದಲ್ಲಿ ಮೊದಲ ಸಲ ಒಪ್ಪಿಗೆ ಕಂಡಿತು.

‘ಎಣ್ಣೆ ನಿಮಗೇ ಇರಲಿ ಸಾರ್. ಬಕೆಟ್ ಖಾಲಿ ಮಾಡ್ಕೊಟ್ರೆ ಎರಡು ಸಾವಿರ ಏರಿಸ್ತೀನಿ.’

ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಹೆಂಡತಿ ಹೇಳಿದಳು: ‘ಬಕೆಟ್ ಮಾರೋದಿಲ್ಲ. ಬೇಕಾದ್ರೆ ಕಾರಿನ ಬೆಲೆ ಇನ್ನೂ ಎರಡು ಸಾವಿರ ಇಳಿಸಿ.’